ಮೂಲದೊಂದಿಗೆ ತಾಳೆ ನೋಡುವ ಕಾಕಾ

ನಮ್ಮ ಕಾಕಾನ ಎದುರಿಗೆ ಹಾಡು ಗುನುಗುವುದೂ ಒಂದೇ, ಮುಧೋಳ ನಾಯಿಯ ಎದುರಿಗೆ ಮೊಲ ಬಿಡುವುದೂ ಒಂದೇ. ನೀವು ಪಲ್ಲವಿ ದಾಟುವುದರೊಳಗೆ ಹಿಡಿದು ಹಾಕಿರುತ್ತಾನೆ! ಬಚ್ಚಲಮನೆಯಲ್ಲಿ ಹಾಡುವವರನ್ನೂ ಬಿಟ್ಟವನಲ್ಲ. ಒಮ್ಮೆ ಮನೆಗೆ ಬಂದ ಬೀಗರೊಬ್ಬರು ಮೈಗೆ ಸೋಪು ಹಚ್ಚಿಕೊಳ್ಳುತ್ತ ಹಳೆಯ ಸಿನಿಮಾ ಹಾಡೊಂದನ್ನು ಎತ್ತಿಕೊಂಡಿದ್ದರು. ಈತ ಹೋಗಿ ಬಾಗಿಲು ಬಡಿದ. "ಮಾವಾರ, ಎರಡನೇ ಸಾಲಿನ್ಯಾಗ ಅಷ್ಟು ಲಗೂ ಓಡಬ್ಯಾಡ್ರಿ. ಮೂಲದಾಗ ಅಲ್ಲಿ ಉಸಿರು ತಗೋತಾರ!" ಪಾಪ, ಅವರು ಉಳಿದ ಸ್ನಾನವನ್ನು ಮೌನವಾಗಿ ಮುಗಿಸಿದರು. ಆಮೇಲೆ ನಮ್ಮಲ್ಲಿ ಇರುವಷ್ಟು ದಿನವೂ ಅವರು ಬಾಯಿ ತೆರೆದದ್ದು ಊಟಕ್ಕೆ ಮಾತ್ರ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಜಮಖಂಡಿಯಲ್ಲಿ ಒಂದೇ ಮನೆಯಲ್ಲಿ ನಾವೆಲ್ಲ ಕೂಡಿ ಇದ್ದೆವು. ಅಣೆಕಟ್ಟಿನ ಹಿನ್ನೀರು ವರ್ಷವರ್ಷಕ್ಕೆ ಏರಿ ಬರುತ್ತಿದ್ದ ಆ ಕಾಲದಲ್ಲಿ ಅವನು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮುಳುಗಡೆಯಾದ ಹೊಲಮನೆಗಳ ಕಾಗದಪತ್ರಗಳ ನಕಲನ್ನು ಮೂಲದ ಪಕ್ಕದಲ್ಲಿಟ್ಟು, ಅಕ್ಷರ ಅಕ್ಷರ ಹೋಲಿಸಿ, "ಮೂಲದೊಂದಿಗೆ ತಾಳೆ ನೋಡಲಾಗಿದೆ" ಎಂಬ ಶಿಕ್ಕಾ ಒತ್ತುವುದು ಅವನ ಕೆಲಸ. ಹಗಲೆಲ್ಲ ಇದನ್ನೇ ಮಾಡಿದ ಮನುಷ್ಯ ಸಂಜೆ ಮನೆಗೆ ಬಂದು ಸುಮ್ಮನೆ ಕೂರುತ್ತಾನೆಯೇ? ಅವನಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿ, ಮೂಲ ಮತ್ತು ನಕಲು. ನಕಲು ಕಿವಿಗೆ ಬಿದ್ದರೆ ಮೂಗು ಸೊಟ್ಟಗಾಗುತ್ತಿತ್ತು, ಹಿಂದೆಯೇ ತೀರ್ಪು ಬರುತ್ತಿತ್ತು: "ಮೂಲಕ್ಕ ಹೊಂದೂದಿಲ್ಲ."

ಆಗಿನ್ನೂ ಕ್ಯಾಸೆಟ್ಟುಗಳ ಕಾಲ. ಒಬ್ಬರು ಹಾಡಿ ಹೆಸರಾದ ಹಾಡನ್ನು ಇನ್ಯಾರಿಂದಲೋ ಹಾಡಿಸಿ ಅಗ್ಗಕ್ಕೆ ಮಾರುವ "ಕವರ್ ವರ್ಷನ್" ಕ್ಯಾಸೆಟ್ಟುಗಳು ಪೇಟೆ ತುಂಬಿದ್ದವು. ಮೇಲೆ ನಾಯಕ ನಾಯಕಿಯ ದೊಡ್ಡ ಫೋಟೋ. ಹಾಡಿದವರ ಹೆಸರು ಹಿಂದುಗಡೆ, ಇರುವೆ ಗಾತ್ರದ ಅಕ್ಷರದಲ್ಲಿ! ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಇಂಥದೊಂದನ್ನು ಹಬ್ಬದ ಸಂತೆಯಲ್ಲಿ ಆಸೆಯಿಂದ ತಂದು, ರೊಟ್ಟಿ ಬಡಿಯುತ್ತ ಕೇಳಿ, ಶೋಕದ ಹಾಡಿಗೆ ಕಣ್ಣೀರನ್ನೂ ಹಾಕಿದ್ದಳು. ಕಾಕಾ ಒಳಗೆ ಬಂದವನೇ ಟೇಪ್‌ರೆಕಾರ್ಡರ್ ಬಂದ್ ಮಾಡಿದ.

"ಯಾರಿವಾ?"

"ಯಾರರ ಇರ್ಲಿ ಬಿಡ್ರಿ! ಹಾಡು ಅದೇ ಐತಿ, ಅರ್ಥ ಅದೇ ಐತಿ. ಅಳೂ ಹೊತ್ತಿಗೆ ನನಗ ಅಳೂನೂ ಬಂತು. ಮತ್ತೇನ ಬೇಕು ನಿಮಗ?"

"ಅತ್ತಿದ್ದು ಲುಕ್ಸಾನ ಆತು ನೋಡು. ಕ್ಯಾಸೆಟ್ಟರ ತಿರುಗಿ ಕೊಟ್ಟು ಬರಬಹುದು, ಕಣ್ಣೀರು ಯಾವ ಅಂಗಡ್ಯಾಂವ ವಾಪಸ್ ತಗೋತಾನ?"

ಹಾಗಂದವನು ಅಂಗಡಿಗೆ ಹೋಗಿಯೇ ಬಿಟ್ಟ. ನಾನೂ ಹಿಂದೆ ಹೋದೆ, ಜಗಳ ನೋಡುವುದನ್ನು ಯಾರು ಬಿಡುತ್ತಾರೆ? ಅಂಗಡಿಯವನು ಕ್ಯಾಸೆಟ್ಟಿನ ಮೇಲಿನ ಫೋಟೋ ತೋರಿಸಿ, "ಸಾಹೇಬ್ರ, ಹೀರೋ ಅವನೇ ಅದಾನಲ್ರಿ!" ಎಂದು ವಾದಕ್ಕೆ ನಿಂತ. "ಹೀರೋ ಯಾವತ್ತರ ಹಾಡ್ಯಾನೇನಪ? ಅವಾ ಬರೇ ಬಾಯಿ ಬಿಡ್ತಾನ!" ಎಂದು ಕಾಕಾ ಅಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕೂತ. ಕತ್ತಲಾಗುವುದರೊಳಗೆ ಅಂಗಡಿಯ ಕ್ಯಾಸೆಟ್ಟುಗಳೆಲ್ಲ ಮೂಲ, ನಕಲು ಎಂದು ಎರಡು ಪಾಲಾದವು. ಅಂಗಡಿಯವನು ಮೊದಲು ತಲೆ ಮೇಲೆ ಕೈ ಹೊತ್ತುಕೊಂಡ. ಆಮೇಲೆ ನೋಡಿದರೆ ಗಿರಾಕಿಗಳು ಬಂದು, "ಆ ಸಾಹೇಬ್ರು ಪಾಸ್ ಮಾಡಿದ್ದು ಕೊಡ್ರಿ" ಎಂದು ಕೇಳತೊಡಗಿದ್ದರು! ಶಾಲೆಯಲ್ಲಿ ನನ್ನ ಗೆಳತಿಯರು "ಅವರು ನಿಮ್ಮ ಕಾಕಾ ಏನಬೇ?" ಎಂದು ಕೇಳಿದಾಗ ನಾನು ಜಡೆ ಮುಂದೆ ಹಾಕಿಕೊಂಡು ಹೌದು ಎನ್ನುತ್ತಿದ್ದೆ. ಕೇಳದಿದ್ದವರಿಗೂ ಹೇಳುತ್ತಿದ್ದೆ.

ಇಷ್ಟೆಲ್ಲ ಬಲ್ಲವನು ತಾನು ಹಾಡಬೇಡವೇ? ಊಹೂಂ. ಬನಹಟ್ಟಿಯಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಗಾಯಕನೊಬ್ಬ ಹಾಡಿನ ನಡುವಿನ ಆಲಾಪವನ್ನು ನುಂಗಿಬಿಟ್ಟ. ಕಾಕಾ ಎದ್ದು ವೇದಿಕೆಯ ಬುಡಕ್ಕೇ ಹೋಗಿ ಕೈ ಎತ್ತಿ ನಿಲ್ಲಿಸಿದ. ಗಾಯಕನಿಗೆ ರೇಗಿತು, ಮೈಕು ಮುಂದೆ ಚಾಚಿ, "ಹಂಗಾರ ನೀವೇ ಹಾಡ್ರಿ, ಹಿರ್ಯಾರ!" ಎಂದ. ಜನ ಚಪ್ಪಾಳೆ ತಟ್ಟಿತು. ಕಾಕಾ ಮೈಕಿಗೆ ಬಾಯಿ ಹಚ್ಚಿ, "ನಾ ಯಾಕ ಹಾಡ್ಲಿ? ಒಬ್ಬಾಂವ ಕೆಡಿಸಿದ್ದು ಸಾಲದೇನು?" ಎಂದು ಮೈಕು ತಿರುಗಿ ಕೊಟ್ಟು ಬಂದು ಕೂತ. ಮೂಲ ಹಾಡಿದವರು ಹಾಡಿಯಾಗಿದೆ, ಇನ್ನು ಯಾರು ಹಾಡಿದರೂ ನಕಲು, ತಾನು ಹಾಡಿದರೂ ನಕಲೇ ಎಂಬುದು ಅವನ ಸಿದ್ಧಾಂತ.

ಆ ಚಪ್ಪಾಳೆ ತಟ್ಟಿದವರಲ್ಲಿ ಮುಂದೆ ನನಗೆ ಮಾವನಾಗುವವರೂ ಇದ್ದರೆಂದು ಯಾರಿಗೆ ಗೊತ್ತಿತ್ತು? ಅವರು ಮಗನನ್ನು ಕರೆದುಕೊಂಡು ಬನಹಟ್ಟಿಯಿಂದ ನನ್ನನ್ನು ನೋಡಲು ಬಂದಾಗ, ನನ್ನನ್ನು ಬಿಟ್ಟು ಕಾಕಾನನ್ನೇ ನೋಡಿದರು. "ಆರ್ಕೆಸ್ಟ್ರಾ ನಿಲ್ಲಿಸಿದವರು ನೀವಲ್ಲೇನ್ರಿ?" ಕಾಕಾ ಮೀಸೆ ತೀಡಿಕೊಂಡ. ಅಷ್ಟರಲ್ಲಿ ಬಂದಿದ್ದ ಹೆಂಗಸರು, "ಒಂದು ಹಾಡು ಹೇಳವಾ" ಎಂದುಬಿಟ್ಟರು! ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಅವ್ವ ಸೆರಗು ಕಚ್ಚಿಕೊಂಡಳು. ಚಿಗವ್ವ ಕಾಕಾನ ಕಡೆ ಕಣ್ಣು ಕೆಕ್ಕರಿಸಿದಳು. ನಾನು ಹಾಡಿದೆ. ಹೇಗೆ ಹಾಡಿದೆನೆಂದು ಕೇಳಬೇಡಿ. ಮುಗಿದ ಮೇಲೆ ಎಲ್ಲರೂ ಕಾಕಾನ ಬಾಯಿಯನ್ನೇ ನೋಡಿದರು. ಅವನು ಬಹಳ ಹೊತ್ತು ತಡೆದುಕೊಂಡ, ಪಾಪ, ಅವನ ಕುತ್ತಿಗೆಯ ನರ ಉಬ್ಬಿತ್ತು. ಕೊನೆಗೆ, "ನೋಡ್ರಿ, ಸುಳ್ಳು ಹೇಳಿ ಹೆಣ್ಣು ಕೊಡೂ ಮನಿ ನಮ್ಮದಲ್ಲ. ಹಾಡು ನಕಲ್ ಐತಿ, ಅದೂ ಕಳಪಿ ನಕಲ್. ಆದ್ರ ಹುಡುಗಿ ಮಾತ್ರ ಅಪ್ಪಟ ಮೂಲ!" ಎಂದ. ಮಾವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. "ಇಷ್ಟು ಖರೆ ಮಾತಾಡೂ ಮನಿತನ ನಮಗ ಎಲ್ಲಿ ಸಿಗಬೇಕ್ರಿ?" ಎಂದು ಅಲ್ಲಿಯೇ ಒಪ್ಪಿಗೆ ಕೊಟ್ಟರು. ನನ್ನ ಮದುವೆ ಆದದ್ದು ನನ್ನ ಚೆಲುವಿನಿಂದ ಎಂದು ನನ್ನ ಗಂಡ ಹೇಳುತ್ತಾನೆ. ನಾನು ನಂಬುವುದಿಲ್ಲ.

ಕ್ಯಾಸೆಟ್ಟು ಹೋಗಿ ಮೊಬೈಲು ಬಂದರೂ ಕಾಕಾ ಬದಲಾಗಲಿಲ್ಲ. ಹಿಪ್ಪರಗಿಯ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎಷ್ಟು ಕಬ್ಬು ಹೇರಿರುತ್ತವೋ ಅಷ್ಟೇ ಸೌಂಡ್ ಬಾಕ್ಸುಗಳನ್ನೂ ಹೇರಿರುತ್ತವೆ. ಒಂದು ಸಲ ತವರಿಗೆ ಬಂದಾಗ ನಾನು ಅವನ ಬೈಕಿನ ಹಿಂದೆ ಕೂತಿದ್ದೆ. ಮುಂದಿನ ಟ್ರ್ಯಾಕ್ಟರಿನಲ್ಲಿ ಹಳೆಯ ಹಾಡೊಂದರ ರಿಮಿಕ್ಸ್, ನೆಲ ನಡುಗುವಂತೆ! ಕಾಕಾ ಬೆನ್ನು ಹತ್ತಿ, ಅಡ್ಡ ಹಾಕಿ ನಿಲ್ಲಿಸಿಯೇ ಬಿಟ್ಟ. ಡ್ರೈವರ್ ಹೆದರಿಕೊಂಡು, "ಸೌಂಡ್ ಕಮ್ಮಿ ಮಾಡ್ಲೇನ್ರೀ?" ಎಂದ.

"ಸೌಂಡ್ ಎಷ್ಟರ ಇಟ್ಕೋಪ. ಕೊಳಲು ಎಲ್ಲಿ ಹೋತು?"

"ಕೊಳಲೇನ್ರಿ?" ಎಂದು ಡ್ರೈವರ್ ಹಿಂದಿನ ಟ್ರೇಲರನ್ನು ಗಾಬರಿಯಿಂದ ನೋಡಿದ. "ನಾ ಬರೇ ಕಬ್ಬು ಹೇರ್ಕೊಂಡ ಬಂದೇನ್ರಿ!"

ಪಲ್ಲವಿಗೂ ಚರಣಕ್ಕೂ ನಡುವೆ ಇರಬೇಕಾದ ಕೊಳಲಿನ ತುಣುಕನ್ನು ರಿಮಿಕ್ಸ್ ಮಾಡಿದವರು ಕತ್ತರಿಸಿ ಒಗೆದಿದ್ದರು. ಕಾಕಾ ರಸ್ತೆಯ ಬದಿಯಲ್ಲಿ ನಿಂತೇ ತನ್ನ ಮೊಬೈಲಿನಿಂದ ಮೂಲ ಹಾಡನ್ನು ಆ ಹುಡುಗನ ಮೊಬೈಲಿಗೆ ಹಾಕಿಕೊಟ್ಟ. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹೊಡೆದದ್ದೇ ಹೊಡೆದದ್ದು! ಆದರೆ ಆ ಹಂಗಾಮು ಮುಗಿಯುವವರೆಗೂ ನಮ್ಮ ಮನೆಯ ಮುಂದೆ ಹಾಯುವಾಗ ಆ ಟ್ರ್ಯಾಕ್ಟರು ತಪ್ಪದೆ ಕೊಳಲು ನುಡಿಸಿಕೊಂಡು ಹೋಗುತ್ತಿತ್ತು. ಕಾಕಾ ಕಟ್ಟೆಯ ಮೇಲೆ ಕೂತು, ಸಲಾಮು ತೆಗೆದುಕೊಳ್ಳುವ ಮಹಾರಾಜನ ಗತ್ತಿನಲ್ಲಿ ತಲೆಯಾಡಿಸುತ್ತಿದ್ದ. ನಮಗೂ ಒಳಗೊಳಗೇ ಹೆಮ್ಮೆ.

ಇಂಥ ಕಾಕಾ ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದ ಮೂಲವೊಂದು ನಮ್ಮ ಮನೆಯಲ್ಲೇ ಇತ್ತು. ಅದು ನನ್ನ ಅವ್ವ ಹಾಡುವ ಜೋಗುಳ. ಗಲಗಲಿಯ ಹತ್ತಿರ ಹೊಳೆದಂಡೆಯಲ್ಲಿ ನಮ್ಮ ಹಳೆಯ ಮನೆ, ಈಗ ಅದು ನೀರಿನ ಅಡಿಗಿದೆ. ಕಾಕಾ ಇನ್ನೂ ತೊಟ್ಟಿಲ ಕೂಸಾಗಿದ್ದಾಗ ನನ್ನ ಅವ್ವ ಆ ಮನೆಗೆ ಸೊಸೆಯಾಗಿ ಬಂದಳು. ಅವನು ನಡೆಯಲು ಕಲಿಯುವ ಮೊದಲೇ ಅಜ್ಜಿ, ಅಂದರೆ ಅವನ ತಾಯಿ, ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇಲ್ಲ. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವನ ವೈನಿ, ನನ್ನ ಅವ್ವ. ಅವನು ಮಲಗುತ್ತಿದ್ದುದು ಅವಳ ಹಾಡಿಗೆ: "ಹೊಳಿ ಮಲಗೇತಿ, ಹೊಲ ಮಲಗೇತಿ, ನೀನ್ಯಾಕ ಎಚ್ಚರ ನನ್ನ ಕೂಸ." ಕೊನೆಯ "ನನ್ನ ಕೂಸ" ಎನ್ನುವಲ್ಲಿ ಅವ್ವನ ದನಿ ಮೇಲಕ್ಕೆ ಏರಿ ನಿಲ್ಲುತ್ತಿತ್ತು. "ಅದು ನೋಡ್ರಿ ಗುರುತು! ನಮ್ಮ ವೈನಿ ಬೀಳಗಿಯ ತವರಿನಿಂದ ತಂದ ಹಾಡು. ಆ ಏರು ಮತ್ಯಾರಿಗೂ ಬರೂದಿಲ್ಲ" ಎಂದು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದ. ಅವ್ವ ಸುಮ್ಮನೆ ನಗುತ್ತಿದ್ದಳು. ತನ್ನ ಮಗ ತೊಟ್ಟಿಲಲ್ಲಿ ಚೀರುತ್ತಿದ್ದರೂ ಕಾಕಾ ಚಿಗವ್ವನಿಗೆ ಅದನ್ನು ಹಾಡಲು ಬಿಡಲಿಲ್ಲ. "ನನ್ನ ಮಗಗ ನಾ ಹಾಡಾಕೂ ಶಿಕ್ಕಾ ಹೊಡಿಸ್ಕೊಂಡ ಬರಬೇಕೇನ್ರಿ?" ಎಂದು ಅವಳು ಲಟ್ಟಣಿಗೆ ಎತ್ತಿದ್ದುಂಟು.

ನಾನು ಬಸುರಿಯಾದ ವರ್ಷ ಅವ್ವನ ಗಂಟಲಲ್ಲಿ ಗಡ್ಡೆಯಾಗಿ ಆಪರೇಶನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಹೋಯಿತು. ಮಾತಾಡಿದರೆ ಒಣ ಎಲೆ ತುಳಿದಷ್ಟೇ ಸಪ್ಪಳ. ಹಾಡಂತೂ ದೂರ. ಆಗ ನಮಗೆಲ್ಲ ಹೊಳೆಯಿತು, ಕಪಾಟು ತುಂಬ ಕ್ಯಾಸೆಟ್ಟು ಇಟ್ಟ ಮನುಷ್ಯ ವೈನಿಯ ಹಾಡನ್ನು ಒಮ್ಮೆಯೂ ರೆಕಾರ್ಡ್ ಮಾಡಿರಲಿಲ್ಲ! "ಮೂಲ ಮನ್ಯಾಗ ಅಡ್ಡಾಡಾಕತ್ತಿತ್ತು, ನಕಲ್ ಯಾಕ ಮಾಡ್ಕೋಬೇಕು ಅನ್ಕೊಂಡಿದ್ನಿ" ಎಂದು ಕಾಕಾ ತಲೆ ತಗ್ಗಿಸಿದ. ಆ ದಿನಗಳಲ್ಲಿ ಅವನು ಯಾರ ಹಾಡಿನ ತಪ್ಪನ್ನೂ ಹಿಡಿಯಲಿಲ್ಲ. ನಾನು ಮಾತ್ರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದೆ. ನಮ್ಮ ಮನೆಯ ಯಾವ ಕೂಸೂ ಆ ಹಾಡು ಕೇಳದೆ ಹೆಸರು ಇಡಿಸಿಕೊಂಡಿರಲಿಲ್ಲ, ನನ್ನ ಕೂಸಿಗೆ ಅದಿಲ್ಲವೇ?

ಮಗಳು ಹುಟ್ಟಿದಳು. ಹೆಸರಿಡುವ ದಿನ ಬಂತು. ತೊಟ್ಟಿಲಿಗೆ ಹೂವು ಸುತ್ತಿದ್ದಾಯಿತು, ಗುಗ್ಗರಿ ಬೆಂದದ್ದಾಯಿತು. ನನ್ನ ನಾದಿನಿ ಬನಹಟ್ಟಿಯಿಂದ ಬಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಸಜ್ಜಾಗಿದ್ದಳು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮ ಕಡೆಯ ಪದ್ಧತಿ. ಗುದ್ದುವವರು ಆಗಲೇ ಬಳೆ ಹಿಂದೆ ಸರಿಸಿಕೊಂಡು ಸುತ್ತುವರಿದಿದ್ದರು! ಆದರೆ ಮೊದಲು ಜೋಗುಳ ಆಗಬೇಕಲ್ಲ. ಯಾರೋ ಮೊಬೈಲಿನಲ್ಲಿ ಯಾವುದೋ ಜೋಗುಳ ಹಚ್ಚಿ ತೊಟ್ಟಿಲ ಪಕ್ಕದಲ್ಲಿಟ್ಟರು. ಅವ್ವ ಮುಖ ಆ ಕಡೆ ತಿರುಗಿಸಿದಳು.

ಗಂಡಸರ ನಡುವೆ ಪಡಸಾಲೆಯಲ್ಲಿ ಕೂತಿದ್ದ ಕಾಕಾ ಎದ್ದು ಒಳಗೆ ಬಂದ. ತೊಟ್ಟಿಲ ಹತ್ತಿರ ಗಂಡಸರಿಗೇನು ಕೆಲಸ? "ಬಂದ್ರವಾ, ಇದಕ್ಕೂ ತಪ್ಪು ಹೇಳಾಕ!" ಎಂದು ಚಿಗವ್ವ ನಗಿಸಿದಳು. ಅವನು ನಗಲಿಲ್ಲ. ಮೊಬೈಲು ಬಂದ್ ಮಾಡಿದ. ನೆಲದ ಮೇಲೆ ಕೂತು ತೊಟ್ಟಿಲ ಹಗ್ಗ ಹಿಡಿದ. ಹಾಡಲು ಶುರು ಮಾಡಿದ.

ನಮ್ಮ ಕಾಕಾ ಹಾಡಿದ! ದನಿ ನಡುಗುತ್ತಿತ್ತು, ಒಡೆಯುತ್ತಿತ್ತು. ಆದರೂ ಹೊಳೆ ಮಲಗಿತು, ಹೊಲ ಮಲಗಿತು. ನನಗೆ ಆಗ ಆದಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಊರವರ ಮುಂದೆ, ಬೀಗರ ಮುಂದೆ, ತನ್ನ ಜೀವಮಾನದ ಸಿದ್ಧಾಂತವನ್ನೇ ಮುರಿದು, ನನ್ನ ಮಗಳಿಗಾಗಿ ಅವನು ನಕಲು ಮಾಡುತ್ತಿದ್ದ. "ನನ್ನ ಕೂಸ" ಎನ್ನುವಲ್ಲಿಗೆ ಬಂದ. ಅಲ್ಲಿ ಏರಬೇಕಾದ ದನಿ ಏರಲಿಲ್ಲ. ಮೆಲ್ಲಗೆ ಕೆಳಗಿಳಿದು, ಇನ್ನೂ ಇಳಿದು, ಉಸಿರಿನಲ್ಲಿ ಕರಗಿತು.

ಕಾಕಾ ಹಾಡು ನಿಲ್ಲಿಸಿಬಿಟ್ಟ. ಕಿವಿಯವರೆಗೆ ಕೆಂಪಾಗಿದ್ದ. "ತಪ್ಪಿತು ವೈನಿ," ಎಂದ. "ಯಾಕೋ ತಾನೇ ಇಳದ ಬಿಡ್ತು. ಮೂಲಕ್ಕ ಹೊಂದಲಿಲ್ಲ."

ಅವ್ವ ಅವನನ್ನೇ ನೋಡುತ್ತಿದ್ದಳು. ಹತ್ತಿರ ಬಂದು ಅವನ ಭುಜ ಹಿಡಿದುಕೊಂಡು ಕೂತಳು. ಮನೆಯೆಲ್ಲ ಅಷ್ಟು ಸುಮ್ಮನಾಗಿತ್ತು, ಆ ಒಡಕು ಪಿಸುಮಾತು ನಮಗೆಲ್ಲ ಕೇಳಿಸಿತು.

"ತಪ್ಪಿಲ್ಲೋ ತಮ್ಮಾ. ಅಲ್ಲಿ ಏರಿಸಿದಾಕಿ ನಾನು. ಈ ಹಾಡು ನಮ್ಮ ಬೀಳಗಿದಲ್ಲ, ಅತ್ತಿಯವ್ರದು. ನಿನ್ನ ತೊಟ್ಲಾ ತೂಗುವಾಗ ಅತ್ತಿ ಹಿಂಗ ಇಳಿಸಿ ಹಾಡ್ತಿದ್ರು. ನನಗ ಆ ಇಳಿಸೂದು ಬರಲೇ ಇಲ್ಲ. ದೊಡ್ಡಾಂವ ಆದ ಮ್ಯಾಲ ಹೇಳಿದ್ರ ನನ್ನ ಹಾಡೂ ನಕಲ್ ಅಂತಿದ್ದಿ, ಅದಕ್ಕ ಹೇಳಲಿಲ್ಲ."

"ನಮ್ಮವ್ವ?" ಎಂದ ಕಾಕಾ.

"ಹೂಂ. ನಿಮ್ಮವ್ವ."

ತಾಯಿಯ ಮುಖವೂ ನೆನಪಿಲ್ಲ ಎಂದು ಹೇಳಿಕೊಂಡು ಬಂದ ಮನುಷ್ಯ ತೊಟ್ಟಿಲ ಅಂಚಿಗೆ ಹಣೆ ಹಚ್ಚಿ ಕೂಸಿನಂತೆ ಅತ್ತ. ಅವ್ವ ಅವನ ತಲೆಯ ಮೇಲೆ ಕೈ ಆಡಿಸಿದಳು. "ಮುಂದ ಹಾಡು," ಎಂದಳು. "ಅತ್ತಿ ದನಿ ಕೇಳಿ ನನಗೂ ಭಾಳ ವರ್ಷ ಆತು."

ಕಾಕಾ ಕಣ್ಣೊರೆಸಿಕೊಂಡು, ಹಗ್ಗ ಹಿಡಿದು, ಮೊದಲಿನಿಂದ ಶುರು ಮಾಡಿದ.