ಬ್ಯಾಟರಿ ರಾಯರು ಹುಳಿ ಬಿಡಿಸಿದ್ದು

ಹೆಂಡತಿಯ ರಕ್ತದೊತ್ತಡ ಏರಿದೆ, ಸಕ್ಕರೆಯೂ ಗಡಿಯಲ್ಲಿ ನಿಂತು ಇಣುಕುತ್ತಿದೆ ಎಂದು ಡಾಕ್ಟರು ಹೇಳಿದಾಗ ಬ್ಯಾಟರಿ ರಾಯರು ಕುರ್ಚಿ ಬಿಟ್ಟು ಎದ್ದೇ ನಿಂತರು. “ಮೈಯಲ್ಲಿ ಆಮ್ಲ ಹೆಚ್ಚಿಸೋ ಊಟ ಕಡಿಮೆ ಮಾಡಿ, ಹೃದಯಕ್ಕೆ ಒಳ್ಳೇದು” ಎಂಬುದಷ್ಟೇ ಕಿವಿಗೆ ಬಿತ್ತು. ಮುಂದಿನದು ಕೇಳಿಸಲೇ ಇಲ್ಲ.

ಆಮ್ಲದ ವಿಷಯವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರು, ಲಾರಿಗಳ ಸತ್ತ ಬ್ಯಾಟರಿಗೆ ಜೀವ ತುಂಬುವುದೇ ಅವರ ಕಸುಬು. ಬ್ಯಾಟರಿಯ ಆಮ್ಲ ಸಿಡಿದು ತೂತುಬಿದ್ದ ಅವರ ಪ್ಯಾಂಟು ಒಣಹಾಕಿದರೆ ಬಿಸಿಲು ಸೋಸಿಕೊಂಡು ಕೆಳಗೆ ಬೀಳುತ್ತಿತ್ತು. (ಒಂದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಸೋರುತ್ತದೆಂದು ಬಿಟ್ಟು ಹೋಯಿತು.) “ಒಂದು ಹನಿಗೆ ಪ್ಯಾಂಟಿನ ಗತಿ ಹೀಗೆ. ಇವಳ ಹೃದಯ ಅದಕ್ಕಿಂತ ಮೆತ್ತಗಿದೆ!” ಎಂದುಕೊಂಡ ರಾಯರು, ನಿಂಬೆ, ಕಿತ್ತಳೆ, ಟೊಮೆಟೊಗಳಿಗೆಲ್ಲ ಗಡೀಪಾರು ವಿಧಿಸಿ, ಬುಟ್ಟಿ ಸಮೇತ ಪಕ್ಕದ ಮನೆಯ ಟೈಲರಮ್ಮನಿಗೆ ದಾನ ಮಾಡಿಬಿಟ್ಟರು.

“ನಿಂಬೆಹಣ್ಣಿಲ್ಲದೆ ನನಗೆ ತುತ್ತು ಇಳಿಯಲ್ಲ ರೀ.”

“ಇಳಿಯುತ್ತೆ. ಬೆಣ್ಣೆ ಬನ್ನು ತಾನಾಗೇ ಜಾರುತ್ತೆ.”

“ಬಾಯಿ ಸಪ್ಪೆ ಆಗುತ್ತಲ್ರೀ!”

“ನಿನ್ನ ಬಾಯಿಗೆ ಆ ಭಯ ಬೇಡ. ಮದುವೆ ಆದಾಗಿಂದ ನನ್ನ ಸುಖಕ್ಕೆಲ್ಲ ಹುಳಿ ಹಿಂಡ್ಕೊಂಡೇ ಬಂದಿದ್ದೀಯ. ಒಂದು ತಿಂಗಳು ಕೈಗೆ ರಜೆ ಕೊಡು!”

ಅಂದಿನಿಂದ ಅಡುಗೆಮನೆಯಲ್ಲಿ ರಾಯರ ಆಳ್ವಿಕೆ. ಬನ್ನು, ಚೀಸು, ಹುರಿದ ಕೋಳಿ, ಹೀಗೆ ಹುಳಿಯ ಸುಳಿವಿಲ್ಲದ ಸಕಲವನ್ನೂ ತಾವೇ ಬಡಿಸಿದರು. ಅಂಗಡಿಯಿಂದ ಮೇಲಿಂದ ಮೇಲೆ ಫೋನು ಬೇರೆ: “ಎದೆ ಹೇಗಿದೆ?”

“ಚೆನ್ನಾಗೇ ಹೊಡ್ಕೊಳ್ತಿತ್ತು. ನಿಮ್ಮ ಫೋನಿಗೆ ಬೆಚ್ಚಿಬಿತ್ತು ನೋಡಿ!”

ಬೈದರೆ ರಾಯರಿಗೆ ನಿರಾಳ. ಬೈಯುವಷ್ಟು ಚಾರ್ಜ್ ಉಳಿದಿದೆಯಲ್ಲ! ಅವಳೋ ಮಧ್ಯಾಹ್ನವಾದರೆ ಅವರದೊಂದು ಪ್ಯಾಂಟು ಹಿಡಿದು, ತೇಪೆ ಹಾಕಿಸುವ ನೆಪದಲ್ಲಿ ಟೈಲರಮ್ಮನ ಮನೆಗೆ ಹೊರಡುತ್ತಿದ್ದಳು.

ತಿಂಗಳು ಕಳೆಯಿತು. “ಭೇಷ್! ಒತ್ತಡ ಇಳಿದಿದೆ” ಎಂದರು ಡಾಕ್ಟರು.

ರಾಯರ ಎದೆ ಅಂಗಿಯ ಗುಂಡಿ ಹಾರಿಸುವಷ್ಟು ಉಬ್ಬಿತು. “ಒಂದು ಹನಿ ಹುಳಿ ಮುಟ್ಟಿಸಿಲ್ಲ ಡಾಕ್ಟ್ರೇ! ಬರೀ ಬನ್ನು, ಚೀಸು, ಕೋಳಿ.”

ಡಾಕ್ಟರು ಕನ್ನಡಕ ತೆಗೆದರು. “ರಾಯರೇ, ನಾಲಿಗೆಗೆ ಹುಳಿ ಆದದ್ದೆಲ್ಲ ಒಳಗೆ ಹೋಗಿ ಆಮ್ಲ ಆಗಲ್ಲ. ಹಣ್ಣು, ತರಕಾರಿ ಅದನ್ನ ತಗ್ಗಿಸೋ ಕಡೆಗೇ ವಾಲುತ್ತೆ. ಆಮ್ಲದ ಹೊರೆ ಹೆಚ್ಚಿಸೋದು ನೀವು ಹೇಳಿದ ಪಟ್ಟೀನೇ! ರಕ್ತವೇನೂ ಬ್ಯಾಟರಿ ನೀರಾಗಲ್ಲ, ಆದ್ರೆ ಒತ್ತಡಕ್ಕೂ ಸಕ್ಕರೆಗೂ ಆ ಹೊರೆಗೂ ನಂಟಿರಬಹುದು ಅಂತಾರೆ.”

“ಹಾಗಾದ್ರೆ ಇವಳಿಗೆ ಇಳಿದದ್ದು ಹೇಗೆ?”

ಅವಳು ಫ್ಯಾನು ನೋಡಿದಳು. “ಟೈಲರಮ್ಮನ ಮನೇಲಿ ನಮ್ಮದೇ ಬುಟ್ಟಿ ಇತ್ತಲ್ಲ... ಖಾಲಿಯಾದ ಹಾಗೆಲ್ಲ ಅವರೇ ತುಂಬಿಸ್ತಿದ್ರು.”

“ಮತ್ತೆ ನಾನು ಬಡಿಸಿದ್ದು?”

“ನೀವು ನೀರು ತರೋಕೆ ಎದ್ದಾಗ ನಿಮ್ಮ ತಟ್ಟೆಗೇ ಹಾಕ್ತಿದ್ದೆ. ಅಷ್ಟು ಪ್ರೀತಿಯಿಂದ ಬಡಿಸ್ತಿದ್ರಿ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ದುಡಿಯೋ ಮೈ, ಕರಗುತ್ತೆ ಅಂದ್ಕೊಂಡೆ.”

ಡಾಕ್ಟರು ಒತ್ತಡ ಅಳೆಯುವ ಪಟ್ಟಿಯನ್ನು ರಾಯರ ತೋಳಿಗೆ ಸುತ್ತಿದರು. ಅಂಕಿ ಏರಿತು, ಇನ್ನೂ ಏರಿತು. (ಮಹಡಿ ಹತ್ತಿ ಬಂದದ್ದಕ್ಕೇ ಏರಿತೆಂದು ರಾಯರು ಈಗಲೂ ವಾದಿಸುತ್ತಾರೆ.)

ಅಂದು ಸಂಜೆ ಬುಟ್ಟಿ ಮನೆಗೆ ಮರಳಿತು. ರಾಯರ ತಟ್ಟೆಯಲ್ಲಿ ಸೌತೆ, ಟೊಮೆಟೊ, ಸೊಪ್ಪಿನ ಬೆಟ್ಟ. ಅವಳು ನಿಂಬೆ ಹೋಳು ಹಿಡಿದು ಪಕ್ಕದಲ್ಲೇ ಕೂತಳು.

“ಎದೆ ಹೇಗಿದೆ ರೀ?” ದಾರಿಯುದ್ದಕ್ಕೂ ಕೇಳಿದ್ದನ್ನೇ ಮತ್ತೆ ಕೇಳಿದಳು.

“ಹೊಡ್ಕೊಳ್ತಿದೆ ಕಣೇ. ನೀನು ಹಿಂಡು.”

“ಯಾವುದಕ್ಕೆ? ನಿಮ್ಮ ಸುಖಕ್ಕಾ?”

“ಅದಕ್ಕೇ. ಇನ್ನೊಂದು ಹೋಳು ಜಾಸ್ತೀನೇ ಹಿಂಡು” ಎಂದು ರಾಯರು ತಟ್ಟೆಯನ್ನು ಮುಂದಕ್ಕೆ ಚಾಚಿದರು.