ನನ್ನ ಕಾಲು ಮತ್ತು ಹುಸೇನಪ್ಪನ ಗಾಡಿ

ಮನುಷ್ಯನ ಕಾಲು ಗಟ್ಟಿಯಾಗಿರುವವರೆಗೆ ಮಾತ್ರ ಅವನ ಸ್ವಂತದ್ದು. ಅದು ನೋಯಲು ಶುರುವಾದ ದಿನದಿಂದ ಊರಿನವರ ಸೊತ್ತು. ಇದನ್ನು ನಾನು ಒಪ್ಪುವುದಿಲ್ಲ, ಒಪ್ಪಿಸಲು ಬಂದವರನ್ನು ಸುಮ್ಮನೆ ಬಿಟ್ಟೂ ಇಲ್ಲ. ಆದವಾನಿಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ನನಗೆ ಸ್ವಲ್ಪ ದೂರ ನಡೆದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಹರಳೆಣ್ಣೆ, ಬಿಸಿ ಉಸುಕಿನ ಶಾಖ ಎಲ್ಲ ಮುಗಿದ ಮೇಲೆ ಡಾಕ್ಟರ ಬಳಿ ಹೋದೆ. ಅವರು ಪಾದ ಮುಟ್ಟಿ ನೋಡಿ, ಬೆರಳಲ್ಲಿ ಹುಣ್ಣಿದೆಯೇ, ಮಲಗಿದಾಗಲೂ ನೋವಿದೆಯೇ ಎಂದು ವಿಚಾರಿಸಿ, ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿಲ್ಲ ಎಂದರು. ಹುಣ್ಣಿದ್ದವರಿಗೆ ನಡೆಯಿರಿ ಎನ್ನುವುದಿಲ್ಲವಂತೆ, ನನಗೆ ಹುಣ್ಣಿಲ್ಲದ್ದರಿಂದ ಹೇಳಬಹುದಂತೆ: ಬೀಡಿ ಬಿಡಬೇಕು, ದಿನಾ ನಡೆಯಬೇಕು, ನೋವು ಬಂದರೆ ನಿಲ್ಲಬೇಕು, ಹೋದ ಮೇಲೆ ಮತ್ತೆ ನಡೆಯಬೇಕು. ಅಲಕ್ಷ್ಯ ಮಾಡಿದರೆ ಮುಂದೆ ಕಾಲೇ ಹೋದೀತು. ನಾನು ಹೆದರಿದೆ. ಬೀಡಿ ಕಟ್ಟನ್ನು ಅವರ ಮೇಜಿನ ಮೇಲೇ ಇಟ್ಟು ಬಂದೆ.

ನೋಯುವ ಕಾಲನ್ನು ನಡೆಸುವ ಡಾಕ್ಟರನ್ನು ನನ್ನ ಹೆಂಡತಿ ಎಲ್ಲೂ ಕಂಡಿರಲಿಲ್ಲ. ಅವಳ ತವರು ಗೋನೆಗಂಡ್ಲದಲ್ಲಿ ಕುಂಟುವ ಎತ್ತನ್ನೂ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತಾರಂತೆ. ನಾನು ಎತ್ತಲ್ಲ ಎಂದು ಹೇಳಿ, ಅವಳು ಉತ್ತರ ಹುಡುಕುವುದರೊಳಗೆ ಚಪ್ಪಲಿ ಮೆಟ್ಟಿದೆ.

ಹೆಂಡತಿಯನ್ನು ಗೆದ್ದವನು ರಸ್ತೆಯಲ್ಲಿ ಸೋತೆ. ಸಂಜೆ ನಾನು ಊರ ಹೊರಗೆ ನಡೆಯುವ ಹೊತ್ತಿಗೇ ಮಿಲ್ಲಿಗೆ ಹತ್ತಿ ಹಾಕಿದ ಬಂಡಿಗಳು ಖಾಲಿಯಾಗಿ ಹಳ್ಳಿಗಳಿಗೆ ಮರಳುತ್ತವೆ. ನಮ್ಮ ಕಡೆ ವಯಸ್ಸಾದವನೊಬ್ಬ ರಸ್ತೆಯಲ್ಲಿ ನಿಂತಿದ್ದರೆ ಅವನು ಬಂಡಿಗೇ ಕಾಯುತ್ತಿದ್ದಾನೆಂದು ಅರ್ಥ. ಖಾಲಿ ಬಂಡಿಯವನು ಅವನನ್ನು ಬಿಟ್ಟುಹೋದರೆ ಊರೆಲ್ಲ ಅವನಿಗೆ ಛೀಮಾರಿ. ನನಗೋ ನಿಲ್ಲುವುದೇ ಔಷಧ. ನಿಂತೆನೋ, ಎತ್ತಿ ಹಾಕಿಕೊಂಡರು. ಬಂಡಿಯವರೆಲ್ಲ ಮಿಲ್ಲಿನಿಂದ ನನ್ನ ಪರಿಚಯದವರೇ. ಅವರಲ್ಲಿ ಹುಸೇನಪ್ಪನೆಂಬವನದು ವಿಪರೀತ ಮರ್ಯಾದೆ. ನನಗಾಗಿ ಬಂಡಿಯನ್ನೇ ಹಿಂದಕ್ಕೆ ತಿರುಗಿಸಿ ಮನೆ ಬಾಗಿಲಲ್ಲಿ ಇಳಿಸುತ್ತಿದ್ದ. ಹೆಂಡತಿ ಅವನಿಗೆ ಮಜ್ಜಿಗೆ ಕೊಟ್ಟು, ನಾಳೆಯೂ ನೋಡಿಕೊಳ್ಳಪ್ಪ ಎನ್ನುತ್ತಿದ್ದಳು.

ಡಾಕ್ಟರ ಮಾತು ವಿವರಿಸಿದೆ. ಹುಸೇನಪ್ಪ ಅಯ್ಯೋ ಪಾಪ ಎಂದು, ಕಾಲಿಗೆ ಮೆತ್ತಗಿರಲಿ ಅಂತ ಬಂಡಿಯಲ್ಲಿ ಹುಲ್ಲು ಹಾಸಿದ. ರೇಗಿದೆ, ನೋವಿಗೆ ಹೀಗಾಡುತ್ತಾರೆ ಎಂದ. ಕೊನೆಗೊಂದು ಸಂಜೆ ಅವನು ರಟ್ಟೆ ಹಿಡಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಉರುಕುಂದದ ಈರಣ್ಣನ ಗುಡಿಗೆ ನಡೆದೇ ಹೋಗುತ್ತೇನೆಂದು ಹರಕೆ ಹೊತ್ತಿದ್ದೇನೆ, ಅದಕ್ಕೆ ಕಾಲು ಪಳಗಿಸುತ್ತಿದ್ದೇನೆ.

ಹುಸೇನಪ್ಪ ಕೈ ಬಿಟ್ಟು ದೂರ ಸರಿದ. "ಮೊದಲೇ ಹೇಳಬಾರದೇನ್ರಿ ಗುಮಾಸ್ತ್ರೆ? ಹರಕಿ ಹೊತ್ತವರನ್ನ ಬಂಡ್ಯಾಗ ಹಾಕ್ಕೊಂಡು ಪಾಪ ಕಟ್ಕೊಂಡೆನಲ್ರಿ."

ಮರುದಿನದಿಂದ ಒಂದು ಬಂಡಿಯೂ ನಿಲ್ಲಲಿಲ್ಲ. ನಾನು ನಿಂತೆ, ನಡೆದೆ, ಮತ್ತೆ ನಿಂತೆ, ರಾಜನ ಹಾಗೆ. ಹಿಂದೆ ಮೋರಿಯ ಹತ್ತಿರವೇ ಹಿಡಿಯುತ್ತಿದ್ದ ಕಾಲು ಈಗ ಮೋರಿ ದಾಟಿ ಹುಣಸೆಮರದವರೆಗೆ ತಕರಾರಿಲ್ಲದೆ ಬರುತ್ತದೆ. ಡಾಕ್ಟರು ಬೆನ್ನು ತಟ್ಟಿದರು. ಆದರೆ ಹರಕೆಯ ಸುದ್ದಿ ಹುಸೇನಪ್ಪನ ಬಾಯಿಂದ ನನ್ನ ಹೆಂಡತಿಯ ಕಿವಿಗೂ ಬಿತ್ತು. ಅದು ಬರೀ ನೆಪ ಎಂದು ಅವಳ ಮುಂದೆ ಒಪ್ಪಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೆಪ ಹೇಳಿದ್ದು ಹುಸೇನಪ್ಪಗ ಇರಬೌದು. ಹೆಸರು ತಗೊಂಡಿದ್ದು ಈರಣ್ಣಂದು. ಆತಗ ಯಾರು ಹೇಳಾಕ ಹೋಗ್ತಾರ, ನೀವಾ?"

ಹೋಗುತ್ತೇನೆ. ಉರುಕುಂದದವರೆಗೂ ನಿಂತು ನಿಂತು ನಡೆದರೆ ಅಡ್ಡಿಯಿಲ್ಲ, ಅವಸರ ಬೇಡ ಎಂದು ಡಾಕ್ಟರೂ ಅಂದಿದ್ದಾರೆ. ನನ್ನ ಕಾಲಿನ ಮೇಲೆ ಯಾರ ಅಧಿಕಾರವೂ ನಡೆಯದೆಂದು ಈಗಲೂ ಸಾರಿ ಹೇಳುತ್ತೇನೆ. ಆದರೆ ಹರಕೆಯಲ್ಲಿ ಹೋಗುವ ಮಾತು ಮಾತ್ರ ಇದೆ, ಬರುವ ಮಾತಿಲ್ಲ. ಮರಳಿ ಬರಲು ಹುಸೇನಪ್ಪನ ಬಂಡಿ ಹೇಳಿಟ್ಟಿದ್ದೇನೆ. ಹುಲ್ಲನ್ನು ಸ್ವಲ್ಪ ದಪ್ಪಗೇ ಹಾಸು ಎಂದಿದ್ದೇನೆ.