ಬೊಂತೆಯ ಕೊನೇ ಮೂಲೆ

ಹೊಲಿಗೆ ಕಲಿತರೆ ಕೂತಲ್ಲೇ ನೆಮ್ಮದಿಯ ಬದುಕು ಅಂತ ನಂಬಿಸಿ ನನ್ನವ್ವ ನನ್ನನ್ನ ಮಿಷನ್ ಮುಂದೆ ಕೂರಿಸಿದ್ದಳು. ಆ ನೆಮ್ಮದಿ ಎಲ್ಲಿ ಹೋಯ್ತೋ ಕಾಣೆ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು, ಎದೆ ಡವಡವ ಅನ್ನದೆ ಒಂದು ವಾರ ಕಳೆದದ್ದು ನೆನಪಿಲ್ಲ. ರವಿಕೆ ಆದರೆ ಪರವಾಗಿಲ್ಲ, ಬಿಗಿಯಾದರೆ ಬಿಚ್ಚಿಕೊಡಬಹುದು. ಬೊಂತೆ ಬಂತು ಅಂದರೆ ಮಾತ್ರ ನನಗೆ ಗಂಟಲಲ್ಲಿ ಊಟ ಇಳಿಯಲ್ಲ. ಹಳೇ ಸೀರೆ, ಪಂಚೆಗಳನ್ನ ಪದರ ಪದರವಾಗಿ ಹಾಸಿ ಹೊಲಿಯೋ ಹೊದಿಕೆ ಅದು, ಬೇರೆ ಕಡೆಯವರು ಕೌದಿ ಅಂತಾರಂತೆ. ಮನೆಯಲ್ಲಿ ಅರ್ಧ ಹೊಲಿದು ಕೈಸೋತವರು ಮುಗಿಸಿಕೊಡಿ ಅಂತ ನನ್ನ ಹತ್ತಿರ ತರುತ್ತಾರೆ. ಆಗ ಶುರುವಾಗುತ್ತೆ ನೋಡಿ, ಕೈಯಲ್ಲೋ ಮಿಷನ್ನಲ್ಲೋ ಅನ್ನೋ ಪಂಚಾಯ್ತಿ. ಇಷ್ಟು ವರ್ಷದಲ್ಲಿ ಅದು ಒಂದೇ ಒಂದು ಸಲವೂ ಸುಸೂತ್ರವಾಗಿ ಮುಗಿದಿಲ್ಲ.

ಮೇಷ್ಟ್ರಿಗೆ ಬೇಕಾದ ಸೊಟ್ಟ

ಪಿರಿಯಾಪಟ್ಟಣದಿಂದ ಒಬ್ಬ ಮೇಷ್ಟ್ರು ಬಂದರು. "ಇದನ್ನ ನಮ್ಮತ್ತೆಯೋರಿಗೆ ಕೊಡ್ಬೇಕು. ಬೇಗ ಬೇಕು, ಮಿಷನ್ನಲ್ಲೇ ಹೊಲೀರಿ. ಆದ್ರೆ ನೋಡಿದೋರಿಗೆ ನಮ್ಮನೆಯೋಳು ಕೈಯಲ್ಲೇ ಹೊಲ್ದಂಗೆ ಕಾಣ್ಬೇಕು."

"ಅದೆಂಗಾಯ್ತದೆ ಸಾ?"

"ಸ್ವಲ್ಪ ಅಂಕುಡೊಂಕಾಗಿ ಹೊಲಿದ್ರಾಯ್ತು ಕಣಮ್ಮ."

ನೇರವಾಗಿ ಹೊಲಿಯೋದು ಕಲಿಯೋಕೆ ನಾನು ಏಟು ತಿಂದಿದೀನಿ. ಈಗ ಸೊಟ್ಟ ಹೊಲಿ ಅಂದರೆ ಕೈ ಕೇಳುತ್ತಾ? ಬಟ್ಟೆ ಎಳೆದಾಡಿದೆ, ಕಣ್ಣು ಮುಚ್ಚಿಕೊಂಡೂ ನೋಡಿದೆ. ಗೆರೆ ಎಳೆದ ಹಾಗೆ ನೇರ ಬಂತು. ಮೇಷ್ಟ್ರು ಪಕ್ಕದಲ್ಲೇ ನಿಂತು "ಇನ್ನೂ ಸೊಟ್ಟ, ಇನ್ನೂ ಸೊಟ್ಟ" ಅಂತ ಪಾಠ ಒಪ್ಪಿಸಿಕೊಳ್ಳೋ ಹಾಗೆ ಹೇಳುತ್ತಿದ್ದರು. ನನಗೆ ಬೆವರು ಕಿತ್ತುಕೊಂಡು ಬಂತು. ಅಷ್ಟರಲ್ಲಿ ನಮ್ಮನೆಯವರು ಟೀ ತಂದರು. ಜನ್ಮದಲ್ಲಿ ಮಿಷನ್ ಮುಟ್ಟಿದ ಮನುಷ್ಯ ಅಲ್ಲ. ಗತಿಯಿಲ್ಲದೆ ಅವರನ್ನೇ ಕೂರಿಸಿದೆ. ಹೊಲಿಗೆ ಅತ್ತ ಹೋಯ್ತು, ಇತ್ತ ಬಂತು, ಒಂದು ಕಡೆ ವಾಪಸ್ಸೇ ತಿರುಗಿತು.

ಮೇಷ್ಟ್ರು ಕುಣಿದಾಡಿಬಿಟ್ಟರು. "ಇದು ನೋಡಿ ಕೈಕೆಲ್ಸ! ಈ ಮಾಸ್ಟರ್ ಇದ್ದಾಗ ನೀವ್ಯಾಕಮ್ಮ ಕೂತ್ರಿ?"

ಅವತ್ತಿಂದ ನಮ್ಮನೆಯವರು ಮಿಷನ್ ಪಕ್ಕ ಹಾದು ಹೋಗುವಾಗಲೆಲ್ಲ ಕಾಲರ್ ಸರಿಮಾಡಿಕೊಳ್ಳುತ್ತಾರೆ.

ಇಬ್ಬರಿಗೂ ಹೂಂ

ಮೇಷ್ಟ್ರದ್ದು ನಕ್ಕು ಬಿಡೋ ಮಾತು. ಬಿಳಿಕೆರೆ ಅಜ್ಜಿಯದ್ದು ಹಾಗಲ್ಲ.

ಹೆರಿಗೆಗೆ ತವರಿಗೆ ಬಂದಿದ್ದ ಮೊಮ್ಮಗಳನ್ನ ಹುಣಸೂರಿನ ಆಸ್ಪತ್ರೆಗೆ ತೋರಿಸಿಕೊಂಡು ಅಜ್ಜಿ ನನ್ನ ಅಂಗಡಿ ಹತ್ತಿದರು. ಕಂಕುಳಲ್ಲಿ ಪುಟ್ಟ ಬೊಂತೆ. ಹುಟ್ಟಿದ ಕೂಸನ್ನ ಹೊಸ ಬಟ್ಟೆ ಮೇಲೆ ಮಲಗಿಸಬಾರದು, ಹಳೇ ಬಟ್ಟೆಯ ಬೊಂತೆಯೇ ಆಗಬೇಕು ಅನ್ನೋದು ಅವರ ಮನೆ ಪದ್ಧತಿ. ಆ ಮನೆಯ ಅಷ್ಟೂ ಕೂಸುಗಳಿಗೆ ಹೊಲಿದುಕೊಟ್ಟವರು ಈ ಅಜ್ಜಿಯೇ. ಈ ಸಲ ಕಣ್ಣು ಮಂಜು, ಕೈ ನಡುಕ. ಒಳಗಿನ ಹೊಲಿಗೆ ಹೇಗೋ ಮುಗಿಸಿದ್ದರು, ನಾಲ್ಕು ಅಂಚು ಬಾಕಿ.

"ನನ್ ಕೈಲಿ ಆಗ್ನಿಲ್ಲ ಕಣವ್ವ" ಅಂತ ಅಜ್ಜಿ ಬೊಂತೆಯನ್ನ ನನ್ನ ಮಡಿಲಿಗಿಟ್ಟರು. "ನೀನು ಮುಗಿಸ್ಕೊಡು. ಮಿಷನ್ ಮಾತ್ರ ಮುಟ್ಟಿಸ್ಬ್ಯಾಡ. ಆ ಹೊಲಿಗೆ ಗಡುಸು, ಕೂಸಿನ ಮೈಗೆ ಒತ್ತುತದೆ."

ಆಮೇಲೆ ಸೆರಗಿಂದ ಒಂದು ಚಿಕ್ಕ ಗಂಟು ತೆಗೆದರು. ಒಳಗೆ ಒಂದು ಚಿಟಿಕೆ ರಾಗಿ.

"ಕೊನೇ ಮೂಲೆ ಮುಚ್ಚೋಕೆ ಮುಂಚೆ ಇದ್ನ ಒಳೀಕ್ಕಾಕು. ಬೊಂತೆ ಹೊಟ್ಟೆ ಹಸ್ಕೊಂಡಿರಬಾರ್ದು. ಅದ್ರ ಹೊಟ್ಟೆ ತುಂಬಿದ್ರೆ ಕೂಸಿನ ಹೊಟ್ಟೇನೂ ತುಂಬಿರ್ತದೆ."

ಅವರ ಕೈ ಮೇಲೆ ಕೈಯಿಟ್ಟು ಹೂಂ ಅಂದೆ. ಅಜ್ಜಿ ಮೆಟ್ಟಿಲಿಳಿದರು. ಮೊಮ್ಮಗಳು ಸೊಂಟ ಹಿಡಿದುಕೊಂಡು ವಾಪಸ್ ಬಂದಳು. "ಅಕ್ಕಾ, ಡಾಕ್ಟ್ರು ಹತ್ತು ದಿನ ಅಂದವ್ರೆ. ಕೈಯಲ್ಲಿ ಕೂತ್ರೆ ನೀವು ಮುಗಿಸೋ ಹೊತ್ಗೆ ಮಗು ಸ್ಕೂಲಿಗೆ ಹೋಗ್ತದೆ. ಮಿಷನ್ನಲ್ಲೇ ಹೊಡೆದ್ಬುಡಿ. ಅಜ್ಜಿಗೆ ಹೇಳ್ಬೇಡಿ, ಪಾಪ, ನೊಂದ್ಕೊತದೆ."

ಅವಳ ಹೊಟ್ಟೆ ನೋಡಿ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವಳಿಗೂ ಹೂಂ ಅಂದೆ.

ನಮ್ಮನೆಯವರು ಎಲ್ಲ ಕೇಳಿಸಿಕೊಂಡು ಕೂತಿದ್ದರು. "ಇಬ್ಬರಿಗೂ ಹೂಂ ಅಂದ್ಯಲ್ಲ, ಆ ಕೂಸು ಈಗ ಯಾರ ಮಾತು ಕೇಳ್ಕೊಂಡು ಹುಟ್ಬೇಕು?"

ಹನ್ನೊಂದು ಗಂಟೆಯ ಗೊರಕೆ

ಕೈಯಲ್ಲೇ ಹೊಲಿಯೋದು ಅಂತ ಗಟ್ಟಿಮನಸ್ಸು ಮಾಡಿ ಕೂತೆ. ಒಂದು ಅಂಚು ಆಯ್ತು. ಒಳಗಿನ ಅಜ್ಜಿಯ ಹೊಲಿಗೆ ಎಳ್ಳುಕಾಳಿನಷ್ಟು ಸಣ್ಣ, ನನ್ನದು ಅವರೆಕಾಳು. ನಾಚಿಕೆಯಾಗಿ ಬಿಚ್ಚಿದೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಐದು ದಿನ ಹೀಗೇ ಹೋಯ್ತು.

ಅಜ್ಜಿ ದಿನಾ ಫೋನ್ ಮಾಡೋರು. ಒಂದು ದಿನ ಯಾರದ್ದೋ ರವಿಕೆಗೆ ಮಿಷನ್ ತುಳಿಯುತ್ತಾ ಫೋನ್ ಎತ್ತಿಬಿಟ್ಟೆ.

"ಅದೇನವ್ವ ಸದ್ದು?"

ರವಿಕೆ ಹೊಲೀತಿದೀನಿ ಅಂದಿದ್ದರೆ ಮುಗಿಯೋದು, ಅದು ನಿಜವೂ ಹೌದು. ಆದರೆ ಹೆದರಿದ ನಾಲಿಗೆ ನೆಟ್ಟಗೆ ಹೊರಳುತ್ತಾ? "ನಮ್ಮನೆಯೋರು ಅಜ್ಜಿ, ಗೊರಕೆ" ಅಂದೆ. ಆಗ ಬೆಳಿಗ್ಗೆ ಹನ್ನೊಂದು ಗಂಟೆ.

"ಅಯ್ಯೋ ಶಿವನೇ! ಅಗ್ಲೊತ್ನಲ್ಲೇ ಇಂಗಾ?"

ಮಾರನೇ ದಿನ ಬಿಳಿಕೆರೆಯಿಂದ ಬಂದ ಯಾರದ್ದೋ ಕೈಯಲ್ಲಿ ಒಂದು ಬಾಟಲಿ ಕಷಾಯ ಬಂತು. ಮೆಣಸು, ದೊಡ್ಡಪತ್ರೆ, ಜೊತೆಗೆ ಏನೋ ಕಡುಕಹಿ. ಹಿಂದೆಯೇ ಫೋನ್, "ಕುಡಿದ್ರಾ?" ನಮ್ಮನೆಯವರು ನನ್ನನ್ನೇ ಗುರಾಯಿಸಿಕೊಂಡು ಮೂಗು ಹಿಡಿದು ಕುಡಿದರು. ಅವತ್ತು ಅಜ್ಜಿ ಫೋನ್ ಮಾಡುವ ಹೊತ್ತಿಗೆ ನಾನು ಮೊದಲೇ ಮಿಷನ್ ನಿಲ್ಲಿಸಿದ್ದೆನಲ್ಲ, ಅವರಿಗೆ ಸದ್ದು ಕೇಳಿಸಲಿಲ್ಲ.

"ನೋಡ್ದಾ, ಒಂದೇ ಲೋಟಕ್ಕೆ ನಿಂತೋಯ್ತು!" ಅಂದರು ಅಜ್ಜಿ. "ಇನ್ನೂ ಮೂರು ದಿನ ಕುಡೀಲಿ."

ಬಾಕಿ ಉಳಿದ ಹೊಲಿಗೆ

ಏಳನೇ ದಿನ ಬೆಳಿಗ್ಗೆ ಮೊಮ್ಮಗಳ ಫೋನ್. "ಅಕ್ಕಾ, ನೋವು ಶುರುವಾಯ್ತು. ಆಸ್ಪತ್ರೆಗೆ ಬತ್ತಾ ಇದೀವಿ. ಬೊಂತೆ?"

"ಆಗೋಯ್ತು ಕಣವ್ವ, ನೀನು ಧೈರ್ಯವಾಗಿರು" ಅಂದೆ. ಒಂದು ಅಂಚೂ ಆಗಿರಲಿಲ್ಲ.

ಫೋನ್ ಇಟ್ಟವಳೇ ಮಿಷನ್ ಮೇಲೆ ಬಿದ್ದೆ. ಅರ್ಧ ಗಂಟೆಯಲ್ಲಿ ನಾಲ್ಕೂ ಅಂಚು ಮುಗೀತು. ನಮ್ಮನೆಯವರು ಸ್ಕೂಟರ್‌ನಲ್ಲಿ ಒಯ್ದು ಕೊಟ್ಟುಬಂದರು. ಉಸ್ಸಪ್ಪಾ ಅಂತ ನೀರು ಕುಡಿಯೋಕೆ ಲೋಟ ಎತ್ತಿದರೆ, ಮೇಜಿನ ಮೇಲೆ ರಾಗಿ ಗಂಟು ಹಾಗೇ ಕೂತಿದೆ!

ಮಿಷನ್ ಮುಟ್ಟಿಸಿದ್ದೂ ಆಯ್ತು, ಬೊಂತೆಯನ್ನ ಉಪವಾಸ ಕಳಿಸಿದ್ದೂ ಆಯ್ತು. ನಾಳೆ ಆ ಕೂಸು ಹಾಲಿಗೆ ಬಾಯಿ ಹಾಕದಿದ್ದರೆ? ಅಜ್ಜಿಗೆ ಕೊಟ್ಟ ಎರಡು ಮಾತಿನಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬೇಕು ಅಂತ ಸೂಜಿ, ದಾರ, ಕತ್ತರಿ, ರಾಗಿ ಹಿಡಿದು ಓಡಿದೆ. ಕೊರಳಲ್ಲಿ ಅಳತೆ ಟೇಪ್ ನೇತಾಡುತ್ತಿದ್ದದ್ದು ಗೊತ್ತೇ ಆಗಲಿಲ್ಲ.

ಹೆರಿಗೆ ವಾರ್ಡಿನ ಬಾಗಿಲಲ್ಲಿ ಆಯಾ ತಡೆದಳು. "ಯಾರಮ್ಮ ನೀನು?"

"ಟೈಲರು."

"ಟೈಲರಿಗೆ ಇಲ್ಲೇನಮ್ಮ ಕೆಲ್ಸ?"

ಏದುಸಿರಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಒಂದು ಹೊಲಿಗೆ ಬಾಕಿ ಅದೆ."

"ಅದನ್ನ ಡಾಕ್ಟ್ರು ಹಾಕ್ತಾರೆ, ನೀನು ಹೊರಗೆ ಕೂತ್ಕೊ!"

ಕೊನೇ ಮೂಲೆ

ಮಧ್ಯಾಹ್ನ ಹೆಣ್ಣುಮಗು ಆಯ್ತು. ಒಳಗೆ ಬಿಟ್ಟಾಗ ಕೂಸು ಬೊಂತೆ ಮೇಲೆ ಮಲಗಿತ್ತು, ಅಜ್ಜಿ ಸ್ಟೂಲ್ ಮೇಲೆ ತೂಕಡಿಸುತ್ತಿದ್ದರು. ನಾನು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂಸಿನ ಕಾಲ ಹತ್ತಿರದ ಮೂಲೆ ಬಿಚ್ಚಿದೆ, ರಾಗಿ ಸುರಿದೆ, ಸೂಜಿ ಹಾಕಿದೆ. ಎಲ್ಲಿ ಕೂಸಿಗೆ ಚುಚ್ಚುತ್ತೋ ಅಂತ ಒಂದೊಂದು ಹೊಲಿಗೆಗೂ ಅದರ ಕಾಲು ಎತ್ತಿ ಪಕ್ಕಕ್ಕಿಡುತ್ತಿದ್ದೆ. ಮೊಮ್ಮಗಳು, "ಅಕ್ಕಾ ನಗಿಸ್ಬೇಡಿ, ನೋವಾಗ್ತದೆ" ಅಂತ ಬಾಯಿಗೆ ಸೆರಗು ತುರುಕಿಕೊಂಡಳು.

ಗಂಟು ಹಾಕುತ್ತಿದ್ದೇನೆ, ಅಜ್ಜಿಗೆ ಎಚ್ಚರ. "ಎಲ್ಲಿ, ಬೊಂತೆ ನೋಡಾನ" ಅಂತ ಕೈ ಚಾಚಿದರು. ತಟ್ಟನೆ ಅದೇ ಮೂಲೆಯನ್ನ ಅವರ ಕೈಗೆ ಕೊಟ್ಟೆ.

"ಊಂ, ಕೈಕೆಲ್ಸ" ಅಂದರು. ಅಷ್ಟಕ್ಕೇ ಬಿಡಬಾರದಾ? ಬೆರಳು ಮೆಲ್ಲಗೆ ಅಂಚು ಹಿಡಿದು ಮುಂದಕ್ಕೆ ಹೊರಟಿತು. ಅಷ್ಟರಲ್ಲಿ ಆ ಕೂಸು, ನನ್ನ ಕಾಪಾಡಿದ ತಾಯಿ, ಉಚ್ಚೆ ಹೊಯ್ದುಬಿಟ್ಟಳು. ಅಜ್ಜಿ ಕೈ ಎಳಕೊಂಡು ನಕ್ಕರು. ನಾನು ಟೇಪ್ ಸುತ್ತಿಕೊಂಡು ಓಡಿಬಂದೆ.

ನಾಮಕರಣ ಕಳೆದ ಮಾರನೇ ದಿನ ಅಂಗಡಿ ಮುಂದೆ ಆಟೋ ನಿಂತಿತು. ಇಳಿದವರು ಅಜ್ಜಿ, ಕಂಕುಳಲ್ಲಿ ಬೊಂತೆ. ಸಿಕ್ಕಿಬಿದ್ದೆ ಅಂದುಕೊಂಡೆ.

"ಗೊರ್ಕೆ ವಾಸಿನೇನಪ್ಪಾ?" ಅಂತ ನಮ್ಮನೆಯವರನ್ನ ಕೇಳಿದರು. ಅವರು ಕಷಾಯದ ಹೆದರಿಕೆಗೆ "ಪೂರ್ತಿ ವಾಸಿ ಅಜ್ಜಿ" ಅಂದರು.

"ಕೂಸು ಹಾಲು ಕುಡೀತದಾ ಅಜ್ಜಿ?" ಅಂದೆ ನಾನು.

"ಅದ್ಕೇನ್ ಕಮ್ಮಿ, ಬುಡೋದೇ ಇಲ್ಲ."

ಅರ್ಧ ಜೀವ ವಾಪಸ್ ಬಂತು. ಆದರೆ ಅಜ್ಜಿ ಬೊಂತೆಯನ್ನ ಮೇಜಿನ ಮೇಲೆ ಹಾಸತೊಡಗಿದ್ದರು. ತಡೆಯಲಾಗದೆ "ಅಜ್ಜೀ, ತಪ್ಪಾಯ್ತು..." ಅಂತ ಶುರು ಮಾಡಿದೆ.

"ಸುಮ್ಕಿರು. ಇಲ್ಲಿ ನೋಡು."

ನೋಡಿದೆ. ಆಸ್ಪತ್ರೆಯಲ್ಲಿ ನಾನು ಹೊಲಿದ ಆ ಒಂದು ಮೂಲೆಯಲ್ಲಿ, ನನ್ನ ದೊಡ್ಡ ದೊಡ್ಡ ಹೊಲಿಗೆಯ ಸಂದಿನಿಂದ ರಾಗಿ ಮೊಳಕೆಯೊಡೆದು ತಲೆಯೆತ್ತಿತ್ತು. ಕೂಸು ಹಗಲೂ ರಾತ್ರಿ ನೀರು ಹಾಯಿಸಿದೆ, ಬೆಳೆಯದೆ ಏನು ಮಾಡುತ್ತೆ? ನಮ್ಮನೆಯವರೂ ಬಗ್ಗಿ ನೋಡಿದರು.

ಅಜ್ಜಿ ಆ ಪೈರನ್ನ ಒಮ್ಮೆ ಸವರಿದರು. ಆಮೇಲೆ ನಾಲ್ಕೂ ಅಂಚಿನ ಮೇಲೆ ಸಾವಕಾಶವಾಗಿ ಬೆರಳಾಡಿಸಿ ನನ್ನ ಕಡೆ ತಿರುಗಿದರು.

"ಇದೊಂದು ಮೂಲೆ ಕೈಯಲ್ಲಿ ಹೊಲ್ದೆ, ಪೈರು ಬಂತು. ಮಿಕ್ಕ ಮೂರು ಮೂಲೆ ಮಿಷನ್ನಲ್ಲಿ ಹೊಡ್ದೆ, ನೋಡು ಮಗಾ, ಬೀಳು ಬಿದ್ದವೆ."